ಲೆಕ್ಕದ ದತ್ತಾಂಶಕ್ಕೆ ಯಾವ ಗೋದಾಮು?

2024ರ ಜನವರಿಯಲ್ಲಿ, ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯ ಸಮೀಪ ಹತ್ತಿ ಖರೀದಿಸಿ ಜಿನ್ನಿಂಗ್ ಮಾಡಿಸುವ ವ್ಯಾಪಾರಿಯೊಬ್ಬರು ನೋಟೀಸೊಂದನ್ನು ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. ಅದು 2018-19ನೇ ಆರ್ಥಿಕ ವರ್ಷದ ಜಿ.ಎಸ್.ಟಿ.ಗೆ ಸಂಬಂಧಿಸಿದ ನೋಟೀಸು. ನೋಂದಣಿಯಿಲ್ಲದ ರೈತರಿಂದ ಹತ್ತಿಯನ್ನು ಕೊಂಡಾಗ ತೆರಿಗೆಯನ್ನು ಕೊಂಡವರೇ ಕಟ್ಟಬೇಕೆಂಬ ರಿವರ್ಸ್ ಚಾರ್ಜ್ ಪದ್ಧತಿಯು 2017ರ ನವೆಂಬರ್ 15ರಿಂದ ಜಾರಿಯಲ್ಲಿರುವುದನ್ನು ಓದುಗರು ಬಲ್ಲರು. ಹಾಗೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬೇಕಾದರೆ, ಕೊಂಡವರು ತಾವೇ ಬರೆದುಕೊಂಡ ಬಿಲ್ಲು ಆಧಾರವಾಗಿರಬೇಕು. ಆ ಬಿಲ್ಲುಗಳನ್ನೂ ಅವುಗಳಿಗೆ ಹೊಂದುವ ತೂಕದ ಚೀಟಿಗಳನ್ನೂ ಹಾಜರುಪಡಿಸಿರಿ ಎಂಬುದು ನೋಟೀಸಿನ ಸಾರಾಂಶ.

ಬಿಲ್ಲುಗಳು ಇದ್ದವು, ಇರಲಿಲ್ಲ. ಕಾಗದದ ಕಟ್ಟುಗಳಿಗೆ ಗೆದ್ದಲು ಹಿಡಿಯತೊಡಗಿದುದರಿಂದ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಗಣಕಯಂತ್ರದಲ್ಲಿ ಇರಿಸಿ, ಕಾಗದವನ್ನು ರದ್ದಿಗೆ ಹಾಕಲಾಗಿತ್ತು. ಸ್ಕ್ಯಾನ್ ಪ್ರತಿಗಳು ಎರಡು ಡಿಸ್ಕುಗಳುಳ್ಳ ಒಂದು ಸಂಗ್ರಹ ಪೆಟ್ಟಿಗೆಯಲ್ಲಿದ್ದವು. 2023ರ ಬೇಸಿಗೆಯಲ್ಲಿ ರ್ಯಾನ್ಸಮ್‌ವೇರ್ ಎಂಬ ಸುಲಿಗೆ ತಂತ್ರಾಂಶವು ಕಚೇರಿಯ ಜಾಲದೊಳಗೆ ಹೊಕ್ಕು, ಆ ಪೆಟ್ಟಿಗೆಯಲ್ಲಿದ್ದ ಪ್ರತಿಯೊಂದು ಕಡತವನ್ನೂ ಓದಲಾಗದಂತೆ ಗೂಢಲಿಪಿಗೆ ತಿರುಗಿಸಿಬಿಟ್ಟಿತು. "ಆಡಿಟರ್ ಸಾಹೇಬ್ರ, ಒಂದು ಡಿಸ್ಕ್ ಹೋದ್ರ ಇನ್ನೊಂದು ಇರ್ತದ ಅಂತ ಹೇಳೇ ಮಾರಿದ್ರಿ" ಎಂದು ಅವರು ಅಲವತ್ತುಕೊಂಡರು. ಮಾರಿದವರು ಸುಳ್ಳು ಹೇಳಿರಲಿಲ್ಲ. ಒಂದು ಡಿಸ್ಕು ಕೆಟ್ಟಿದ್ದರೆ ಇನ್ನೊಂದು ಉಳಿಯುತ್ತಿತ್ತು. ಆದರೆ ಇಲ್ಲಿ ಡಿಸ್ಕು ಕೆಟ್ಟಿರಲಿಲ್ಲ, ಬರಹ ಕೆಟ್ಟಿತ್ತು. ಮೊದಲನೆಯ ಡಿಸ್ಕಿನಲ್ಲಿ ಕೆಟ್ಟದ್ದನ್ನು ಎರಡನೆಯದು ಅದೇ ಕ್ಷಣದಲ್ಲಿ ನಕಲು ಮಾಡಿಕೊಂಡಿತ್ತು.

ಮುಂದಿನ ಆರು ವಾರ ಮೂವರು ಗುಮಾಸ್ತರಿಗೆ ಬೇರೆ ಕೆಲಸವಿರಲಿಲ್ಲ. ಟ್ಯಾಲಿಯ ಲೆಕ್ಕ ಮಾತ್ರ 2019ರ ಲೆಕ್ಕಪರಿಶೋಧನೆಗಾಗಿ ಪೆನ್‌ಡ್ರೈವಿನಲ್ಲಿ ನಮಗೆ ಕೊಟ್ಟಿದ್ದ ಪ್ರತಿಯಿಂದ ಸಿಕ್ಕಿತು. ಬ್ಯಾಂಕಿನ ಪಾವತಿ ವಿವರ, ಮಾರುಕಟ್ಟೆ ಸಮಿತಿಯ ಕಾಗದಗಳು, ಲಾರಿ ರಸೀದಿಗಳ ಕಾರ್ಬನ್ ಪ್ರತಿಗಳು ಮುಂತಾದವುಗಳಿಂದ ಖರೀದಿಗಳನ್ನು ಒಂದೊಂದಾಗಿ ಜೋಡಿಸಲಾಯಿತು. ಬೇಡಿಕೆಯ ಬಹುಭಾಗ ಕೈಬಿಟ್ಟಿತು. ಆಧಾರ ಸಿಗದ ಭಾಗದ ತೆರಿಗೆ ಆದೇಶದಲ್ಲಿ ಉಳಿಯಿತು. ಪುಣ್ಯಕ್ಕೆ ಅದೇ ವರ್ಷ ಕೇಂದ್ರ ಜಿ.ಎಸ್.ಟಿ. ಕಾಯಿದೆಗೆ 128ಎ ಪ್ರಕರಣವು ಸೇರಿತು. 2017-18ರಿಂದ 2019-20ರವರೆಗಿನ ಇಂತಹ ಬೇಡಿಕೆಗಳಲ್ಲಿ ತೆರಿಗೆಯನ್ನು 2025ರ ಮಾರ್ಚ್ 31ರೊಳಗೆ ಪೂರ್ತಿ ಕಟ್ಟಿದವರಿಗೆ ಬಡ್ಡಿಯೂ ದಂಡವೂ ಮನ್ನಾ ಆದವು. ಆದರೂ ಒಮ್ಮೆ ಕಟ್ಟಿದ್ದ ತೆರಿಗೆಯನ್ನು ಅವರು ಕೇವಲ ಕಾಗದವಿಲ್ಲವೆಂಬ ಕಾರಣಕ್ಕೆ ಮತ್ತೊಮ್ಮೆ ಕಟ್ಟಬೇಕಾಯಿತು.

"ಎಲ್ಲಾ ಪೋರ್ಟಲ್‌ನಲ್ಲಿ ಇರುತ್ತದಲ್ಲ" ಎಂದು ಅನೇಕ ಸದಸ್ಯರು ಹೇಳುವುದನ್ನು ಕೇಳಿದ್ದೇನೆ. ನೋಂದಾಯಿತ ಮಾರಾಟಗಾರರು ಸಲ್ಲಿಸಿದ ಬಿಲ್ಲಿನ ವಿವರ ಪೋರ್ಟಲ್‌ನಲ್ಲಿ ಕಾಣುತ್ತದೆ, ನಿಜ. ರೈತನು ನೋಂದಾಯಿತನಲ್ಲ, ಅವನಿಂದ ಕೊಂಡ ಮಾಲಿನ ಬಿಲ್ಲು ನಿಮ್ಮ ಪುಸ್ತಕದ ಹೊರತು ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲ. ಪೋರ್ಟಲ್‌ನಲ್ಲಿ ಇರುವುದಾದರೂ ಶಾಶ್ವತವಲ್ಲ. ರಿಟರ್ನುಗಳನ್ನು 7 ವರ್ಷಗಳವರೆಗೆ ಮಾತ್ರ ತೋರಿಸುವ ನೀತಿಯ ಪ್ರಕಾರ 2017ರ ಜುಲೈ ಮತ್ತು ಆಗಸ್ಟ್ ತಿಂಗಳ ರಿಟರ್ನುಗಳನ್ನು 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಪೋರ್ಟಲ್‌ನಿಂದ ತೆಗೆಯಲಾಯಿತು. ವ್ಯಾಪಾರಸ್ಥರ ಮನವಿಯ ಮೇರೆಗೆ ಅವುಗಳನ್ನು ಮರಳಿ ತೋರಿಸಿದರಾದರೂ, ಬೇಕಾದುದನ್ನು ಇಳಿಸಿಕೊಂಡು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ ಎಂಬ ಸೂಚನೆಯೂ ಜೊತೆಗೇ ಬಂದಿತು.

ಆದುದರಿಂದ ದತ್ತಾಂಶವನ್ನು ಎಲ್ಲಿ, ಯಾವ ವ್ಯವಸ್ಥೆಯಲ್ಲಿ ಇಡಬೇಕೆಂಬುದು ಗಣಕಯಂತ್ರದ ಅಂಗಡಿಯವರಿಗೆ ಬಿಟ್ಟುಬಿಡಬಹುದಾದ ವಿಷಯವಲ್ಲ. ಈಗ ಪೇಟೆಯಲ್ಲಿ "ಸಾಫ್ಟ್‌ವೇರ್ ಡಿಫೈನ್ಡ್ ಸ್ಟೋರೇಜ್" ಎಂಬ ಹೆಸರಿನಲ್ಲಿ ಬಗೆಬಗೆಯ ವ್ಯವಸ್ಥೆಗಳನ್ನು ಮಾರಲಾಗುತ್ತಿದೆ. ಕೆಲವು ಸದಸ್ಯರು ಕೊಟೇಶನ್ ತಂದು ನನಗೆ ತೋರಿಸಿದ್ದಾರೆ. ನಾನು ತಂತ್ರಜ್ಞನಲ್ಲ, ಆದರೆ ಕೆಟ್ಟ ಮೇಲೆ ಲೆಕ್ಕವನ್ನು ಪುನಃ ಕಟ್ಟುವ ಕೆಲಸ ಬೀಳುವುದು ನಮ್ಮಂತಹವರ ಮೇಲೆ. ಆ ದೃಷ್ಟಿಯಿಂದಲೇ ಈ ಆಯ್ಕೆಗಳನ್ನು ಇಲ್ಲಿ ಹೋಲಿಸಿದ್ದೇನೆ.

ಗೋದಾಮು ಬೇರೆ, ಪಾರುಪತ್ಯಗಾರ ಬೇರೆ

ಹೆಸರು ದೊಡ್ಡದಾದರೂ ತತ್ವ ಸರಳ. ಮೊದಲು ದೊಡ್ಡ ಸಂಸ್ಥೆಗಳಿಗೆ ಸಂಗ್ರಹ ವ್ಯವಸ್ಥೆಯನ್ನು ಮಾರುವವರು ಗೋದಾಮನ್ನೂ ಗೋದಾಮಿನ ಪಾರುಪತ್ಯಗಾರನನ್ನೂ ಒಟ್ಟಿಗೇ ಮಾರುತ್ತಿದ್ದರು. ಯಂತ್ರವೂ ಅವರದೇ, ಅದರೊಳಗಿನ ತಂತ್ರಾಂಶವೂ ಅವರದೇ. ಒಂದು ಡಿಸ್ಕು ಬದಲಿಸಬೇಕಾದರೂ ಅವರಲ್ಲಿಗೇ ಹೋಗಬೇಕು. ಹೊಸ ಪದ್ಧತಿಯಲ್ಲಿ ಪಾರುಪತ್ಯಗಾರನು ಪ್ರತ್ಯೇಕ. ಸಾಮಾನ್ಯ ಗಣಕಯಂತ್ರ, ಸಾಮಾನ್ಯ ಡಿಸ್ಕುಗಳನ್ನು ನೀವು ಎಲ್ಲಿಂದಲಾದರೂ ಕೊಳ್ಳಬಹುದು. ಯಾವ ಚೀಲ ಯಾವ ಸಾಲಿನಲ್ಲಿದೆ, ಯಾವುದನ್ನು ಎರಡು ಕಡೆ ಇಡಬೇಕು, ಯಾವುದು ಮುಗ್ಗಿದೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ತಂತ್ರಾಂಶದ ಹೊಣೆ. ಗೋದಾಮು ಹಳೆಯದಾದರೆ ಹೊಸ ಗೋದಾಮಿಗೆ ಅದೇ ಪಾರುಪತ್ಯಗಾರನನ್ನು ಕರೆದೊಯ್ಯಬಹುದು. ಈ ಬಿಡುಗಡೆಯೇ ಈ ಪದ್ಧತಿಯ ನಿಜವಾದ ಲಾಭ. ಮಾರುವವರು ಹೇಳುವ ಉಳಿದ ಗುಣಗಳಲ್ಲಿ ಅನೇಕವು ನಮ್ಮ ಅಳತೆಯ ವ್ಯವಹಾರಕ್ಕೆ ಬೇಕಾಗುವುದಿಲ್ಲ.

ಮೊದಲು ಅಳತೆ

ಯಾವುದನ್ನೇ ಕೊಳ್ಳುವ ಮೊದಲು ನಿಮ್ಮಲ್ಲಿ ಎಷ್ಟು ದತ್ತಾಂಶವಿದೆ ಎಂಬುದನ್ನು ಅಳೆಯಿರಿ. ದಿನಕ್ಕೆ 60 ಕಾಗದಗಳನ್ನು ಸ್ಕ್ಯಾನ್ ಮಾಡುವ ಒಂದು ಮಿಲ್ಲನ್ನು ಗಣನೆಗೆ ತೆಗೆದುಕೊಳ್ಳೋಣ. ಒಂದು ಕಾಗದಕ್ಕೆ 300 ಕಿಲೋಬೈಟ್ ಹಿಡಿದರೆ ದಿನಕ್ಕೆ 18 ಮೆಗಾಬೈಟ್, 300 ಕೆಲಸದ ದಿನಗಳಿಗೆ 5.4 ಗಿಗಾಬೈಟ್, 8 ವರ್ಷಕ್ಕೆ ಸುಮಾರು 43 ಗಿಗಾಬೈಟ್. ಟ್ಯಾಲಿಯ ಲೆಕ್ಕವನ್ನು ಸೇರಿಸಿದರೂ ಇದೆಲ್ಲ ಜೇಬಿನೊಳಗೆ ಹಿಡಿಯುವ ಒಂದು ಡಿಸ್ಕಿನ ಮೂಲೆಯಲ್ಲಿ ಕೂರುತ್ತದೆ.

ಇನ್ನು ಅದೇ ಮಿಲ್ಲಿನ ತೂಕದ ಸೇತುವೆ, ಗೋದಾಮು, ಗೇಟುಗಳಲ್ಲಿರುವ ಕ್ಯಾಮೆರಾಗಳನ್ನು ನೋಡಿ. ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ದಿನವಿಡೀ ಮುದ್ರಿಸುವ ಒಂದು ಕ್ಯಾಮೆರಾ ದಿನಕ್ಕೆ 21.6 ಗಿಗಾಬೈಟ್ ತುಂಬುತ್ತದೆ. ಎಂಟು ಕ್ಯಾಮೆರಾಗಳಾದರೆ ದಿನಕ್ಕೆ 173 ಗಿಗಾಬೈಟ್. 30 ದಿನ ಉಳಿಸಿಕೊಂಡರೆ 5.2 ಟೆರಾಬೈಟ್. ಅಂದರೆ ಎಂಟು ವರ್ಷಗಳ ಕಾಗದಕ್ಕಿಂತ ಒಂದು ತಿಂಗಳ ಚಿತ್ರ ನೂರು ಪಟ್ಟಿಗೂ ಹೆಚ್ಚು.

ನಾನು ಕಂಡ ಕೊಟೇಶನ್‌ಗಳಲ್ಲಿ ಈ ಎರಡನ್ನೂ ಒಂದೇ ರಾಶಿಯಾಗಿ ಅಳೆದು, "ನಿಮಗೆ 12 ಟೆರಾಬೈಟ್ ಬೇಕು" ಎಂದು ಬರೆದಿದ್ದರು. ಕಳೆದ ತಿಂಗಳ ಗೇಟಿನ ಚಿತ್ರ ನಾಶವಾದರೆ ಯಾರೂ ನೋಟೀಸು ಕೊಡುವುದಿಲ್ಲ. ಖರೀದಿ ಬಿಲ್ಲು ನಾಶವಾದರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇನೆ. ಆದುದರಿಂದ ಇವೆರಡನ್ನೂ ಬೇರ್ಪಡಿಸತಕ್ಕದ್ದು. ಚಿತ್ರಕ್ಕೆ ಅಗ್ಗದ ಒಂದೇ ಪ್ರತಿ ಸಾಕು. ಲೆಕ್ಕಕ್ಕೆ ಎಷ್ಟು ಪ್ರತಿಯಾದರೂ ಹೆಚ್ಚಲ್ಲ, ಏಕೆಂದರೆ ಅದು ಅಷ್ಟು ಚಿಕ್ಕದು.

ಡಬ್ಬಿಯೋ, ತಂತ್ರಾಂಶವೋ

ಸಿದ್ಧಪಡಿಸಿದ ಸಂಗ್ರಹ ಪೆಟ್ಟಿಗೆಗಳು ನಮ್ಮ ಕಡೆ ಹೆಚ್ಚು ಮಾರಾಟವಾಗುತ್ತವೆ. ಎಲ್ಲರೂ ಅವನ್ನು ಡಬ್ಬಿ ಎಂದೇ ಕರೆಯುತ್ತಾರೆ. ಸಿನಾಲಜಿ, ಕ್ಯೂನ್ಯಾಪ್ ಇವು ಪರಿಚಿತ ಹೆಸರುಗಳು. ಡಿಸ್ಕು ಹಾಕಿ, ಜಾಲಕ್ಕೆ ಸೇರಿಸಿದರೆ ಅರ್ಧ ದಿನದಲ್ಲಿ ಕೆಲಸ ಆರಂಭ. ಗಣಕಯಂತ್ರದ ಪರಿಣತರು ಊರಿನಲ್ಲಿ ಇಲ್ಲದಿದ್ದರೆ ಇದೇ ಸರಿಯಾದ ದಾರಿಯೆಂದು ನಾನೂ ಹೇಳುತ್ತೇನೆ. ಎರಡು ಎಚ್ಚರಿಕೆಗಳು ಮಾತ್ರ ಅಗತ್ಯ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶವು, ಅಂತರ್ಜಾಲಕ್ಕೆ ನೇರವಾಗಿ ತೆರೆದಿಟ್ಟಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳನ್ನೇ ಹುಡುಕಿ ಹುಡುಕಿ ದಾಳಿಮಾಡಿತು. ಮನೆಯಿಂದ ಮೊಬೈಲಿನಲ್ಲಿ ಲೆಕ್ಕ ನೋಡುವ ಅನುಕೂಲಕ್ಕಾಗಿ ತೆರೆದ ಬಾಗಿಲಿನಿಂದಲೇ ಕಳ್ಳನೂ ಬರುತ್ತಾನೆ. ಎರಡನೆಯದು, ಒಡೆಯನ ಮರ್ಜಿ. 2025ರಲ್ಲಿ ಸಿನಾಲಜಿಯು ತನ್ನ ಕೆಲವು ಹೊಸ ಪೆಟ್ಟಿಗೆಗಳಲ್ಲಿ ತಾನು ಒಪ್ಪಿದ ಡಿಸ್ಕುಗಳಲ್ಲದೆ ಬೇರೆಯವನ್ನು ಬಳಸಲು ನಿರ್ಬಂಧ ಹಾಕಿ, ಗ್ರಾಹಕರ ಅಸಮಾಧಾನದ ನಂತರ ಅದೇ ವರ್ಷದ ಅಕ್ಟೋಬರಿನಲ್ಲಿ ಸಡಿಲಿಸಿತು. ಡಬ್ಬಿಯೊಳಗಿನ ಪಾರುಪತ್ಯಗಾರನು ಡಬ್ಬಿ ಮಾಡಿದವನ ಸಂಬಳದಲ್ಲಿದ್ದಾನೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಇದಕ್ಕೆ ಬದಲಾಗಿ ಒಂದು ಸಾಮಾನ್ಯ ಗಣಕಯಂತ್ರಕ್ಕೆ ನಾಲ್ಕು ಡಿಸ್ಕು ಹಾಕಿ, ಅದರ ಮೇಲೆ ಟ್ರೂನ್ಯಾಸ್ ಅಥವಾ ಓಪನ್‌ಮೀಡಿಯಾವಾಲ್ಟ್‌ನಂತಹ ಉಚಿತ ತಂತ್ರಾಂಶವನ್ನು ಕೂಡಿಸಬಹುದು. ತಂತ್ರಾಂಶ ನಿರ್ಧರಿತ ಸಂಗ್ರಹವೆಂದರೆ ಸಣ್ಣ ಉದ್ಯಮದ ಮಟ್ಟಿಗೆ ಇದೇ. ಟ್ರೂನ್ಯಾಸ್‌ನ ಒಳಗೆ ಕೆಲಸಮಾಡುವ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾಗಿ ಹೊರಬಂದದ್ದು. ಅದರ ಎರಡು ಗುಣಗಳು ಲೆಕ್ಕದವರಿಗೆ ಮುಖ್ಯ. ಮೊದಲನೆಯದಾಗಿ, ಬರೆದ ಪ್ರತಿಯೊಂದು ತುಣುಕಿಗೂ ಅದು ಒಂದು ತಾಳೆ ಸಂಖ್ಯೆಯನ್ನು ಕಟ್ಟಿಡುತ್ತದೆ. ಓದುವಾಗ ತಾಳೆಯಾಗದಿದ್ದರೆ ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯಿಂದ ತಿದ್ದಿಕೊಳ್ಳುತ್ತದೆ. ಹಳೆಯ ಮುನೀಮರು ಪುಟದ ಕೊನೆಯಲ್ಲಿ ಬೆರೀಜು ಬರೆದು ಮುಂದಿನ ಪುಟಕ್ಕೆ ಒಯ್ಯುತ್ತಿದ್ದರಲ್ಲ, ಬಹುಮಟ್ಟಿಗೆ ಹಾಗೆ. ಎರಡನೆಯದಾಗಿ, ಅದು ಗಂಟೆಗೊಮ್ಮೆ ಅಥವಾ ದಿನಕ್ಕೊಮ್ಮೆ ಸ್ನ್ಯಾಪ್‌ಶಾಟ್ ಎಂಬ ಸ್ಥಿರ ಪ್ರತಿಯನ್ನು ಹಿಡಿದಿಡಬಲ್ಲದು. ಬಳಕೆದಾರರ ಗಣಕಯಂತ್ರದಿಂದ ಬಂದ ಸುಲಿಗೆ ತಂತ್ರಾಂಶವು ಇಂದಿನ ಕಡತವನ್ನು ಕೆಡಿಸಬಹುದು. ನಿನ್ನೆಯ ಸ್ನ್ಯಾಪ್‌ಶಾಟನ್ನು ಮುಟ್ಟಲಾರದು. ಯಾಪಲದಿನ್ನಿಯ ವ್ಯಾಪಾರಿಯ ಡಬ್ಬಿಯಲ್ಲಿ ಇಂತಹ ಪ್ರತಿಯನ್ನು ಹಿಡಿಯುವ ಸೌಲಭ್ಯವಿತ್ತು. ಯಾರೂ ಅದನ್ನು ಚಾಲನೆಗೊಳಿಸಿರಲಿಲ್ಲ. ಆದರೆ ಆಡಳಿತಗಾರನ ಗುಪ್ತಪದವೇ ಕಳ್ಳನ ಕೈಗೆ ಸಿಕ್ಕರೆ, ಅಥವಾ ಯಂತ್ರವೇ ಸುಟ್ಟರೆ, ಸ್ನ್ಯಾಪ್‌ಶಾಟೂ ಅದರೊಡನೆ ಹೋಗುತ್ತದೆ.

ಖರ್ಚಿನ ಲೆಕ್ಕದಲ್ಲಿ ಒಂದು ಮಾತು. ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕು ಕೊಂಡರೆ ನಿಮಗೆ 16 ಟೆರಾಬೈಟ್ ಸಿಗುವುದಿಲ್ಲ. ಒಂದು ಡಿಸ್ಕು ಕೆಟ್ಟರೂ ನಡೆಯುವಂತೆ ಹೊಂದಿಸಿದರೆ 12, ಯಾವುದೇ ಎರಡು ಕೆಟ್ಟರೂ ನಡೆಯುವಂತೆ ಹೊಂದಿಸಿದರೆ 8. ಕೊಟೇಶನ್‌ನಲ್ಲಿ ಬರೆದಿರುವುದು ಕಚ್ಚಾ ಅಳತೆಯೋ, ಬಳಕೆಗೆ ಸಿಗುವ ಅಳತೆಯೋ ಎಂದು ಕೇಳಿರಿ. ಹತ್ತಿಯನ್ನು ಬೀಜ ಸಹಿತ ತೂಗಿ ಅರಳೆಯ ದರ ಹೇಳಿದರೆ ನಾವು ಒಪ್ಪುವೆವೇ?

ಮುಂದಿನ ಮೆಟ್ಟಿಲು ಹಲವು ಗಣಕಯಂತ್ರಗಳನ್ನು ಸೇರಿಸಿ ಒಂದೇ ಗೋದಾಮಿನಂತೆ ನಡೆಸುವ ಸೆಫ್, ಗ್ಲಸ್ಟರ್, ವಿಸ್ಯಾನ್ ಮೊದಲಾದವು. ಸೆಫ್ ವ್ಯವಸ್ಥೆಯು ಸಾಮಾನ್ಯವಾಗಿ ಪ್ರತಿಯೊಂದನ್ನೂ ಮೂರು ಪ್ರತಿಗಳಲ್ಲಿ ಇಡುತ್ತದೆ. ಕನಿಷ್ಠ ಮೂರು ಯಂತ್ರಗಳು ಬೇಕು. 36 ಟೆರಾಬೈಟ್ ಕೊಂಡರೆ ಬಳಕೆಗೆ ಸಿಗುವುದು 12. ಜಿನೀವಾದ ಸರ್ನ್ ಪ್ರಯೋಗಾಲಯ ಅದನ್ನು ಬಳಸುತ್ತದೆಂದು ಮಾರಾಟಗಾರರು ಹೆಮ್ಮೆಯಿಂದ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಮಾನ್ವಿಯ ಅಕ್ಕಿ ಗಿರಣಿಗೆ ಸರ್ನ್‌ನ ಗೋದಾಮು ಏಕೆ? ನಡುರಾತ್ರಿ ಒಂದು ಯಂತ್ರ ಮುನಿಸಿಕೊಂಡರೆ ಅದನ್ನು ಒಲಿಸಬಲ್ಲವರು ನಮ್ಮ ಮೂರು ತಾಲ್ಲೂಕುಗಳಲ್ಲಿ ಎಷ್ಟು ಮಂದಿ ಸಿಗುತ್ತಾರೆ? ಹಲವು ಶಾಖೆಗಳುಳ್ಳ ಸಂಸ್ಥೆಗಳ ಹೊರತು ನಮ್ಮ ಸದಸ್ಯರಲ್ಲಿ ಯಾರಿಗೂ ನಾನು ಇದನ್ನು ಸೂಚಿಸಲಾರೆ.

ಒಡೆತನ ಬದಲಾಗುವ ಅಪಾಯ ತಂತ್ರಾಂಶಕ್ಕೂ ಉಂಟು. ಗ್ಲಸ್ಟರ್ ಸಂಸ್ಥೆಗೆ ಬೆಂಗಳೂರಿನಲ್ಲಿಯೇ ಎಂಜಿನಿಯರಿಂಗ್ ಕೇಂದ್ರವಿತ್ತು. ನಮ್ಮ ರಾಜ್ಯದ ನಂಟುಳ್ಳ ಈ ಸಂಸ್ಥೆಯನ್ನು 2011ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು 13.6 ಕೋಟಿ ಡಾಲರಿಗೆ ಕೊಂಡಿತು. ಆ ಸಂಸ್ಥೆ ಅದರ ಮೇಲೆ ಕಟ್ಟಿ ಮಾರುತ್ತಿದ್ದ ವ್ಯವಸ್ಥೆಗೆ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ವಿಸ್ಯಾನ್‌ನ ಒಡೆಯರಾದ ವಿಎಂವೇರ್ ಸಂಸ್ಥೆಯನ್ನು ಬ್ರಾಡ್‌ಕಾಮ್ 2023ರ ನವೆಂಬರಿನಲ್ಲಿ ಕೊಂಡು, ಮರುತಿಂಗಳೇ ಶಾಶ್ವತ ಪರವಾನಗಿಯ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಗೆ ತಿರುಗಿಸಿತು. ಆದುದರಿಂದ ಕೊಳ್ಳುವ ದಿನವೇ ಕೇಳಬೇಕಾದ ಪ್ರಶ್ನೆ: ಈ ತಂತ್ರಾಂಶ ನಾಳೆ ಇಲ್ಲವಾದರೆ ನನ್ನ ಕಡತಗಳನ್ನು ಬೇರೆ ಯಾವ ಯಂತ್ರದಲ್ಲಿ, ಯಾರ ಸಹಾಯವಿಲ್ಲದೆ, ತೆರೆಯಬಹುದು?

ಬಿಸಿಲು, ವಿದ್ಯುತ್ತು, ನೀರು

ಕೊಟೇಶನ್‌ನಲ್ಲಿ ಕಾಣಿಸದ ಒಂದು ಖರ್ಚು ನಮ್ಮ ಹವೆಯದು. ಸಣ್ಣ ಸಂಗ್ರಹ ಪೆಟ್ಟಿಗೆಗಳಲ್ಲಿ ಅನೇಕವನ್ನು 40 ಡಿಗ್ರಿಯವರೆಗಿನ ಕೋಣೆಯ ಉಷ್ಣತೆಗೆ ಮಾತ್ರ ರೂಪಿಸಲಾಗಿದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ರಾಯಚೂರಿನ ನೆರಳೇ ಅದನ್ನು ದಾಟುತ್ತದೆ. ಮಿಲ್ಲಿನ ತಗಡಿನ ಕೋಣೆಯ ಮಾತು ಹೇಳಬೇಕಿಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆಯ ಧೂಳು ಫ್ಯಾನಿಗೆ ಅಂಟಿ ಗಾಳಿಯನ್ನು ತಡೆಯುತ್ತದೆ. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಶಾಖೋತ್ಪನ್ನ ಕೇಂದ್ರವಿದ್ದರೂ ಹಳ್ಳಿಯ ಫೀಡರಿನ ವೋಲ್ಟೇಜು ಏರಿಳಿಯುವುದು ತಪ್ಪಿಲ್ಲ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಟ್ಯಾಲಿಯ ಕಡತವೂ ಕೆಡಬಹುದು. ಯು.ಪಿ.ಎಸ್. ಇಲ್ಲದ ಸಂಗ್ರಹ ವ್ಯವಸ್ಥೆಯನ್ನು ಕೊಳ್ಳಲೇಬೇಡಿ. ಆದರೆ ಬ್ಯಾಟರಿಗಳನ್ನು ಅದರ ಮಗ್ಗುಲಲ್ಲಿಯೇ ಇಡಬೇಡಿ.

ಈ ಕೊನೆಯ ಮಾತಿಗೆ ಕಾರಣವುಂಟು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಯು.ಪಿ.ಎಸ್. ಬ್ಯಾಟರಿಯಿಂದ ಬೆಂಕಿ ಹೊತ್ತಿತು. ಸರ್ಕಾರಿ ನೌಕರರ ಕಡತಗಳಿದ್ದ ಜಿ-ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ದತ್ತಾಂಶ ಭಸ್ಮವಾಯಿತು. ಬಹಳ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ.

ನಮ್ಮ ಜಿಲ್ಲೆಗೆ ಬೆಂಕಿಗಿಂತ ನೀರಿನ ನೆನಪು ಹತ್ತಿರದ್ದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಕೃಷ್ಣಾ ಮತ್ತು ತುಂಗಭದ್ರಾ ಎರಡೂ ಉಕ್ಕಿ, ಮಂತ್ರಾಲಯವೂ ಕರ್ನೂಲು ಪಟ್ಟಣವೂ ಮುಳುಗಿದವು. ಅಂಗಡಿಯಲ್ಲಿ ಒಂದು ಪ್ರತಿ, ಮೇಲಿನ ಮಹಡಿಯ ಮನೆಯಲ್ಲಿ ಇನ್ನೊಂದು ಪ್ರತಿ ಇಟ್ಟವರಿಗೆ ಅದು ಎರಡು ಸ್ಥಳವಲ್ಲ, ಒಂದೇ. ದೇವದುರ್ಗದವರು ರಾಯಚೂರಿನಲ್ಲಿ, ರಾಯಚೂರಿನವರು ಬೆಂಗಳೂರಿನ ಮಗನ ಮನೆಯಲ್ಲಿ ಒಂದು ಪ್ರತಿ ಇಡುವುದು ಖರ್ಚಿಲ್ಲದ ಉಪಾಯ. ಬಸ್ಸಿನಲ್ಲಿ ಹೋಗುವ ಡಿಸ್ಕಿಗೆ ಗುಪ್ತಪದವಿರಲಿ.

ಬಾಡಿಗೆಯ ಗೋದಾಮು

ಕ್ಲೌಡ್ ಎಂದು ಕರೆಯುವುದು ಬಾಡಿಗೆಯ ಗೋದಾಮು. ಅದರ ಒಳಗೂ ಕೆಲಸಮಾಡುವುದು ತಂತ್ರಾಂಶ ನಿರ್ಧರಿತ ಸಂಗ್ರಹವೇ; ನಡೆಸುವವರು ಬೇರೆ, ಅಷ್ಟೇ. ಅಮೆಜಾನ್ ಸಂಸ್ಥೆಯ ಕೇಂದ್ರಗಳು ಮುಂಬಯಿಯಲ್ಲಿ 2016ರಿಂದಲೂ ಹೈದರಾಬಾದಿನಲ್ಲಿ 2022ರಿಂದಲೂ ಇವೆ. ಗೂಗಲ್, ಮೈಕ್ರೋಸಾಫ್ಟ್ ಸಂಸ್ಥೆಗಳಿಗೂ ಭಾರತದಲ್ಲಿ ಕೇಂದ್ರಗಳಿವೆ. ಖಾತೆ ತೆರೆಯುವಾಗ ಭಾರತದ ಕೇಂದ್ರವನ್ನೇ ಆರಿಸಬೇಕು. ಬಿಲ್ಲಿನಲ್ಲಿ ನಿಮ್ಮ ಜಿ.ಎಸ್.ಟಿ. ಸಂಖ್ಯೆ ಬರುವಂತೆ ನೋಡಿಕೊಳ್ಳಬೇಕು. ವಿದೇಶಿ ಘಟಕದಿಂದ ಬಿಲ್ಲು ಬಂದರೆ ಸೇವೆಯ ಆಮದೆಂದು ರಿವರ್ಸ್ ಚಾರ್ಜ್ ತೆರಿಗೆ ನಿಮ್ಮ ತಲೆಗೇ ಬರುತ್ತದೆ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ತೆರಿಗೆಯ ಕ್ರೆಡಿಟ್ ಸಿಗದೆಂಬುದನ್ನು ಬಾಡಿಗೆಗೆ ಸೇರಿಸಿಕೊಂಡೇ ಹೋಲಿಸಬೇಕು.

ಇಲ್ಲಿ ಎರಡು ವಸ್ತುಗಳನ್ನು ಜನ ಒಂದೆಂದು ಭಾವಿಸುತ್ತಾರೆ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳು ನಿಮ್ಮ ಗಣಕಯಂತ್ರದ ಕಡತವನ್ನು ಮೇಲೆ ಪ್ರತಿಬಿಂಬಿಸುವ ಕನ್ನಡಿಗಳು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕೆಟ್ಟರೆ ಅಲ್ಲಿಯೂ ಕೆಡುತ್ತದೆ. ಹಳೆಯ ರೂಪವನ್ನು ಮರಳಿ ಪಡೆಯುವ ಅವಕಾಶ ಸಾಮಾನ್ಯವಾಗಿ 30 ದಿನಗಳದ್ದು. ನೋಟೀಸು ಬರುವುದು ಐದು ವರ್ಷಕ್ಕೆ. ಟ್ಯಾಲಿಯ ಚಾಲ್ತಿ ಕಡತಗಳನ್ನೇ ಇಂತಹ ಫೋಲ್ಡರಿನಲ್ಲಿಟ್ಟು ಇಬ್ಬರು ಏಕಕಾಲಕ್ಕೆ ತೆರೆದು ಲೆಕ್ಕ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ನಮಗೆ ಬೇಕಾದುದು ದಿನಾಂಕದೊಡನೆ ಬೇರೆಯಾಗಿ ಕೂರುವ ಬ್ಯಾಕಪ್. ನಿಗದಿತ ಅವಧಿಯವರೆಗೆ ಯಾರಿಂದಲೂ, ನಿಮ್ಮಿಂದಲೂ, ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯವಿರುವ ಸಂಗ್ರಹ. ಅಮೆಜಾನ್‌ನಲ್ಲಿ ಇದು 2018ರಿಂದ ಲಭ್ಯವಿದೆ. ಲೆಕ್ಕದ ಬ್ಯಾಕಪ್ ಚಿಕ್ಕದಾದುದರಿಂದ ಬಾಡಿಗೆಯೂ ಚಿಕ್ಕದು.

ಕ್ಲೌಡ್ ಸಹ ಕಟ್ಟಡವೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಕೇಂದ್ರವೊಂದು ಸುಟ್ಟುಹೋದಾಗ, ಬೇರೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ದತ್ತಾಂಶವನ್ನು ಕಳೆದುಕೊಂಡರು. ವೇಗದ ಲೆಕ್ಕವನ್ನೂ ಹಾಕಿ ನೋಡಿ. 43 ಗಿಗಾಬೈಟ್ ಕಾಗದವನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಮೇಲಕ್ಕೆ ಕಳುಹಿಸಲು ಒಂಬತ್ತೂವರೆ ಗಂಟೆ, ಅಂದರೆ ಒಂದು ರಾತ್ರಿ. ಅದೇ 5.2 ಟೆರಾಬೈಟ್ ಚಿತ್ರಗಳನ್ನು 50 ಮೆಗಾಬಿಟ್ ವೇಗದಲ್ಲಿ ಕೆಳಗಿಳಿಸಲು ಹಗಲು ರಾತ್ರಿ ನಡೆದರೂ ಒಂಬತ್ತೂವರೆ ದಿನ.

ಇನ್ನೊಂದು ವಿಷಯ ತಾಂತ್ರಿಕವಲ್ಲ, ಆದರೆ ನಾನು ಕಂಡ ತೊಂದರೆಗಳಲ್ಲಿ ಇದೇ ಹೆಚ್ಚು. ಕ್ಲೌಡ್ ಖಾತೆಯನ್ನು ಆಪರೇಟರ್ ಹುಡುಗನ ಸ್ವಂತ ಮೊಬೈಲ್ ಸಂಖ್ಯೆಯಲ್ಲಿ ತೆರೆದಿರುತ್ತಾರೆ. ಅವನು ಕೆಲಸ ಬಿಟ್ಟು ಹೈದರಾಬಾದಿಗೆ ಹೋದ ದಿನ ಬೀಗದ ಕೈಯೂ ಅವನೊಡನೆ ಹೋಗುತ್ತದೆ. ಖಾತೆಯು ಸಂಸ್ಥೆಯ ಹೆಸರಿನಲ್ಲಿ, ಮಾಲೀಕರ ಸಂಖ್ಯೆಯಲ್ಲಿ ಇರತಕ್ಕದ್ದು.

ಕಾನೂನು ಏನು ಕೇಳುತ್ತದೆ

ಕೇಂದ್ರ ಜಿ.ಎಸ್.ಟಿ. ಕಾಯಿದೆಯ 36ನೇ ಪ್ರಕರಣದಂತೆ, ವಾರ್ಷಿಕ ರಿಟರ್ನು ಸಲ್ಲಿಸುವ ಗಡುವಿನಿಂದ 72 ತಿಂಗಳವರೆಗೆ ದಾಖಲೆಗಳನ್ನು ಉಳಿಸಿಕೊಳ್ಳಬೇಕು. 2018-19ರ ವಾರ್ಷಿಕ ರಿಟರ್ನಿನ ಗಡುವನ್ನು 2020ರ ಡಿಸೆಂಬರ್ 31ರವರೆಗೆ ವಿಸ್ತರಿಸಿದ್ದರಿಂದ ಆ ವರ್ಷದ ದಾಖಲೆಗಳ ಅವಧಿ 2026ರ ಡಿಸೆಂಬರ್ 31ರವರೆಗೆ. ಮೇಲ್ಮನವಿ ಅಥವಾ ತನಿಖೆ ನಡೆದಿದ್ದರೆ, ಅದು ಇತ್ಯರ್ಥವಾಗಿ ಒಂದು ವರ್ಷ ಕಳೆಯುವುದು ಇನ್ನೂ ತಡವಾದರೆ ಅಲ್ಲಿಯವರೆಗೂ ಇಡಬೇಕು. ನಿಯಮ 57 ಇನ್ನೂ ಸ್ಪಷ್ಟ: ವಿದ್ಯುನ್ಮಾನ ದಾಖಲೆಗಳಿಗೆ ಬ್ಯಾಕಪ್ ಇರಬೇಕು, ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ನಾಶವಾದರೆ ಯುಕ್ತ ಸಮಯದೊಳಗೆ ಮರಳಿ ಪಡೆಯುವಂತಿರಬೇಕು, ಅಧಿಕಾರಿಗಳು ಕೇಳಿದಾಗ ಕಡತಗಳ ವಿವರವನ್ನೂ ಗುಪ್ತಪದವನ್ನೂ ಒದಗಿಸಬೇಕು. "ಕಂಪ್ಯೂಟರ್ ಕೆಟ್ಟಿತು" ಎಂಬುದು ಉತ್ತರವಾಗದು.

ಕಂಪನಿಗಳ ಹೊಣೆ ಇನ್ನೂ ಹೆಚ್ಚು. ಪುಸ್ತಕಗಳನ್ನು 8 ವರ್ಷ ಉಳಿಸಬೇಕು. 2022ರ ಆಗಸ್ಟಿನ ತಿದ್ದುಪಡಿಯಂತೆ ಬ್ಯಾಕಪ್ಪನ್ನು ಪ್ರತಿದಿನವೂ ಭಾರತದಲ್ಲಿ ಭೌತಿಕವಾಗಿ ಇರುವ ಸರ್ವರಿನಲ್ಲಿ ಇಡಬೇಕು. ಸೇವೆ ಒದಗಿಸುವವರ ಹೆಸರು, ಸ್ಥಳ ಮುಂತಾದ ವಿವರಗಳನ್ನು ವರ್ಷಕ್ಕೊಮ್ಮೆ ರಿಜಿಸ್ಟ್ರಾರರಿಗೆ ತಿಳಿಸಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ದಾಖಲಾಗುವುದು ಕಡ್ಡಾಯ. ಅದರ ಬಗ್ಗೆ ನಾವು ಲೆಕ್ಕಪರಿಶೋಧಕರು ವರದಿಯಲ್ಲಿ ಬರೆಯಲೇಬೇಕು. ಶುಕ್ರವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಪ್ರತಿ ತೆಗೆಯುವ ಕಂಪನಿಯ ನಿರ್ದೇಶಕರು "ಬ್ಯಾಕಪ್ ಇದೆ" ಎಂದು ನನಗೆ ಪತ್ರ ಕೊಟ್ಟರೆ ನಾನು ಒಪ್ಪಲಾಗುವುದಿಲ್ಲ. ಸ್ನೇಹದ ಮೇಲೆ ಬೇಸರಿಸಿಕೊಂಡವರೂ ಇದ್ದಾರೆ.

ನನ್ನ ಸಲಹೆ ಇಷ್ಟೇ. ಐದು ಗಣಕಯಂತ್ರಗಳೊಳಗಿನ ಅಂಗಡಿ, ದಲಾಲಿ ಮಂಡಿಗಳಿಗೆ ಎರಡು ಹೊರ ಡಿಸ್ಕುಗಳನ್ನು ವಾರಕ್ಕೊಂದರಂತೆ ಸರದಿಯಲ್ಲಿ ಬಳಸಿ, ಜೊತೆಗೆ ಬೀಗವಿರುವ ಕ್ಲೌಡ್ ಬ್ಯಾಕಪ್ ಇದ್ದರೆ ಸಾಕು, ಡಬ್ಬಿಯೇ ಬೇಡ. ಮಿಲ್ಲು, ಕಾರ್ಖಾನೆಗಳಿಗೆ ಸ್ನ್ಯಾಪ್‌ಶಾಟ್ ಚಾಲನೆಯಲ್ಲಿರುವ ಡಬ್ಬಿ, ಅಥವಾ ಊರಿನಲ್ಲಿಯೇ ನೋಡಿಕೊಳ್ಳುವವರಿದ್ದರೆ ಟ್ರೂನ್ಯಾಸ್ ಯಂತ್ರ. ಅದರ ಹೊರಗೆ ಬೇರೆ ಊರಿನಲ್ಲಿ ಒಂದು ಪ್ರತಿ. ಮೂರು ಯಂತ್ರಗಳ ವ್ಯವಸ್ಥೆಯನ್ನು, ಅದನ್ನು ನೋಡಿಕೊಳ್ಳಲು ಸಂಬಳದ ವ್ಯಕ್ತಿ ಇರುವವರು ಮಾತ್ರ ಯೋಚಿಸಬೇಕು.

ವಾಪಸು ತರುವ ಪರೀಕ್ಷೆ

ಯಾವುದನ್ನು ಕೊಂಡರೂ ಹಣ ಪೂರ್ತಿ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿರಿ. ಮೂರು ವರ್ಷ ಹಿಂದಿನ ಯಾವುದಾದರೂ ಒಂದು ದಿನವನ್ನು ಆರಿಸಿ, ಆ ದಿನದ ಲೆಕ್ಕ, ಬಿಲ್ಲು, ತೂಕದ ಚೀಟಿಗಳನ್ನು ಬ್ಯಾಕಪ್‌ನಿಂದ ಬೇರೊಂದು ಗಣಕಯಂತ್ರಕ್ಕೆ ತರಿಸಿ, ತೆರೆದು, ಮುದ್ರಿಸಿ ಕೊಡಲು ಹೇಳಿ. ಗಡಿಯಾರ ನೋಡಿಕೊಳ್ಳಿ. ಮಾರಾಟಗಾರರು ಇದಕ್ಕೆ ಹಿಂದೇಟು ಹಾಕಿದರೆ ಅವರ ಸಾಮಾನು ನಿಮಗೆ ಬೇಡ. ಹತ್ತಿಯ ಹಂಗಾಮು ಮುಗಿದ ಜೂನ್ ತಿಂಗಳು ಇದಕ್ಕೆ ಅನುಕೂಲ.

ಯಾಪಲದಿನ್ನಿಯ ನಮ್ಮ ವ್ಯಾಪಾರಿ ಹಳೆಯ ಡಬ್ಬಿಯನ್ನೇ ಉಳಿಸಿಕೊಂಡಿದ್ದಾರೆ. ಡಿಸ್ಕುಗಳು ಹೊಸವು, ಸ್ನ್ಯಾಪ್‌ಶಾಟ್ ದಿನಕ್ಕೆರಡು, ರಾತ್ರಿ ಕ್ಲೌಡಿಗೊಂದು ಪ್ರತಿ, ತಿಂಗಳಿಗೊಮ್ಮೆ ರಾಯಚೂರಿನ ಬೀಗರ ಮನೆಗೊಂದು ಡಿಸ್ಕು. 2025ರ ಜೂನ್‌ನಲ್ಲಿ ಮೊದಲ ಪರೀಕ್ಷೆ ನಡೆಸಿದೆವು. ಲೆಕ್ಕ ಇಪ್ಪತ್ತು ನಿಮಿಷಕ್ಕೆ ಬಂದಿತು. ಬಿಲ್ಲುಗಳು ಎರಡು ಗಂಟೆಗೆ ಬಂದವು. ತೂಕದ ಚೀಟಿಗಳು ಬರಲೇ ಇಲ್ಲ. ಹೊಸ ಆಪರೇಟರ್ ಅವುಗಳನ್ನು ತನ್ನ ಗಣಕಯಂತ್ರದ ಡೆಸ್ಕ್‌ಟಾಪಿನಲ್ಲಿ ಒಂದು ಫೋಲ್ಡರ್ ಮಾಡಿ ನಾಲ್ಕು ತಿಂಗಳಿಂದ ಅಲ್ಲಿಯೇ ಹಾಕುತ್ತಿದ್ದ. ಆ ಫೋಲ್ಡರ್ ಯಾವ ಬ್ಯಾಕಪ್ಪಿಗೂ ಸೇರಿರಲಿಲ್ಲ. ಅಂದೇ ಅದನ್ನು ಸೇರಿಸಲಾಯಿತು. ಅದರ ಮರುವಾರ ಮಾಲೀಕರು ಫೋನ್ ಮಾಡಿ, ಮೆಕ್ಕೆಜೋಳದ ವ್ಯವಹಾರಕ್ಕೆ ಬೇರೆ ಗಣಕಯಂತ್ರವಿದೆಯಲ್ಲ, ಅದನ್ನು ಪರೀಕ್ಷಿಸಿದ್ದೆವೋ ಎಂದು ವಿಚಾರಿಸಿದರು. ಪರೀಕ್ಷಿಸಿರಲಿಲ್ಲ.